ಅಂಗೈಯಲ್ಲಿ ಉಳಿದ ಮಾತು

ಈ ಸಮಾರಂಭದ ಅಧ್ಯಕ್ಷ ಪೀಠದಲ್ಲಿರುವ, ನನ್ನ ಕೈಗೆ ಮೊದಲ ಬಳಪ ಕೊಟ್ಟ ಪೂಜ್ಯ ಶಟ್ಟೆಪ್ಪ ಗುರುಗಳೇ. ಇಂದು ನಮ್ಮೆಲ್ಲರ ಸನ್ಮಾನಕ್ಕೆ ಪಾತ್ರರಾಗಿ, ಹಾರಗಳ ಭಾರಕ್ಕೆ ಕುತ್ತಿಗೆ ತಗ್ಗಿಸಿ ಕುಳಿತಿರುವ ನಟಶ್ರೇಷ್ಠ ಜಟ್ಟೆಪ್ಪ ಮಾಸ್ತರರೇ. ‘ಹಾಕಿದ ಅಗಳಿ’ ನಾಟಕವನ್ನು ಚಲನಚಿತ್ರವಾಗಿಸಿದ ನಿರ್ದೇಶಕರೂ ಸವದತ್ತಿಯ ಬಸ್ ಚಾಲಕ ಟಿಪ್ಪುಸಾಬರ ಮಗನೂ ಆದ ಇಮಾಮಸಾಹೇಬರೇ. ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಸಂಜೆಯ ಬಸ್ಸು ಹಿಡಿದು ಬಂದು ಈ ಬೈಲಹೊಂಗಲದ ಸಭಾಗೃಹವನ್ನು ತುಂಬಿರುವ ಸಭಿಕರೇ. ಹಾಗೂ ವೇದಿಕೆಯ ಮೇಲಾಗಲಿ ಕೆಳಗಾಗಲಿ ಕುರ್ಚಿಯೊಂದನ್ನು ಕೇಳದೆ, ಕಾಣದ ಜಾಗದಲ್ಲಿ ನಿಂತು ಕೇಳುತ್ತಿರುವವರೇ,

ನನಗೆ ವಹಿಸಿದ ವಿಷಯ ‘ನಾಟಕವು ಚಲನಚಿತ್ರವಾಗುವಾಗ ತಂತ್ರದಿಂದ ಆಗುವ ರಸೋತ್ಕರ್ಷ’. ಇಷ್ಟು ಭಾರವಾದ ವಿಷಯವನ್ನು ಇಪ್ಪತ್ತು ವರ್ಷದ ಹುಡುಗಿಗೆ ಏಕೆ ವಹಿಸಿದರು ಎಂದು ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡದ್ದು ನನಗೆ ಕಂಡಿತು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಬಿ.ಎ., ಕಾಲೇಜಿಗೆ ಪ್ರಥಮ’ ಎಂದು ಅಚ್ಚಾಗಿದೆ. ಅದು ನಿಜ. ನಿಜವನ್ನು ಅಲ್ಲಗಳೆಯುವುದು ವಿನಯವಲ್ಲ ಎಂದು ಕಲಿಸಿದವರು ಇಲ್ಲಿಯೇ ಅಧ್ಯಕ್ಷ ಪೀಠದಲ್ಲಿದ್ದಾರೆ.

ಆದರೆ ಅದೇ ಆಹ್ವಾನ ಪತ್ರಿಕೆಯಲ್ಲಿ ಇರಬೇಕಾದ ಒಂದು ಸಾಲು ಇಲ್ಲ. ನೀವು ಗಮನಿಸಿದ್ದೀರೋ ಇಲ್ಲವೋ. ‘ಸನ್ಮಾನಕ್ಕೆ ಉತ್ತರ’ ಎಂಬ ಸಾಲು. ನಾನು ಹುಟ್ಟಿದಾಗಿನಿಂದ ಕಾಕಾ ಎಂದೇ ಕರೆದ ಜಟ್ಟೆಪ್ಪ ಮಾಸ್ತರರು ಸಂಘಟಕರಿಗೆ ಮೊದಲೇ ಹೇಳಿಬಿಟ್ಟರಂತೆ. “ಹಾರಾ ಹಾಕ್ರಿ, ಶಾಲು ಹೊದಸ್ರಿ, ಬ್ಯಾಡ ಅನ್ನೂದಿಲ್ಲ. ಮಾತಾಡು ಅಂದ್ರ ಮಾತ್ರ ನಾ ಎದ್ದು ಮನಿಗೆ ಹೋಗತೇನಿ.”

ಇಪ್ಪತ್ತೆರಡು ವರ್ಷ ಮಾತನ್ನೇ ಉಂಡು ಮಾತನ್ನೇ ಉಟ್ಟ ಮನುಷ್ಯ ಮೂರು ವರ್ಷಗಳಿಂದ ರಂಗದ ಮೇಲೆ ಒಂದು ಮಾತು ಆಡಿಲ್ಲ. ಸಿನೆಮಾದಿಂದ ದೊಡ್ಡವರಾದರು, ಇನ್ನು ನಾಟಕ ಅವರಿಗೆ ಸಣ್ಣದು ಎಂದು ಕೆಲವರು ಹೇಳುತ್ತಾರೆ. ಗಂಟಲು ಹೋಗಿದೆ ಎಂದು ಕೆಲವರು. ಅದೇ ಮೂರು ವರ್ಷಗಳಿಂದ ಅವರು ನನ್ನ ತಂದೆ ನಿಜಗುಣಪ್ಪನವರೊಡನೆಯೂ ಮಾತಾಡಿಲ್ಲ. ಒಂದೇ ಓಣಿಯಲ್ಲಿ ಎರಡು ಮನೆ. ಎದುರಿಗೆ ಬಂದರೆ ಒಬ್ಬರು ಚಪ್ಪಲಿ ನೋಡುತ್ತಾರೆ, ಒಬ್ಬರು ಆಕಾಶ ನೋಡುತ್ತಾರೆ. ಈ ಎರಡು ಮೌನಗಳಿಗೂ ಕಾರಣ ಒಂದೇ. ಆ ಕಾರಣ ನನಗೆ ಗೊತ್ತು. ಅದು ನನಗೆ ಕೊಟ್ಟ ವಿಷಯದ ಒಳಗೇ ಇದೆ. ಆದ್ದರಿಂದ ನಾನು ನಡುನಡುವೆ ಮನೆಯ ಮಾತು ಆಡಿದರೆ ವಿಷಯಾಂತರವೆಂದು ತಿಳಿದು ಗುರುಗಳು ಮೇಜಿನ ಮೇಲಿನ ಗಂಟೆಯನ್ನು ಬಾರಿಸಬಾರದೆಂದು ಪ್ರಾರ್ಥಿಸುತ್ತೇನೆ. ಆ ಗಂಟೆಯ ಭಯ ನನಗೆ ಒಂದನೆಯ ಇಯತ್ತೆಯಿಂದ ಇದೆ.

ಮೊದಲು ನಾಟಕದ ಮಾತು. ‘ಹಾಕಿದ ಅಗಳಿ’ಯನ್ನು ನೋಡದವರು ಈ ಸುತ್ತಿನ ತಾಲೂಕುಗಳಲ್ಲಿ ಇರಲಿಕ್ಕಿಲ್ಲ, ಆದರೂ ಮುಂದಿನ ಸಾಲಿನಲ್ಲಿ ಕುಳಿತ ಚಿಕ್ಕ ಮಕ್ಕಳಿಗಾಗಿ ಹೇಳುತ್ತೇನೆ. ಒಬ್ಬ ಗೌಡ. ತನ್ನ ಮಾತು ಮೀರಿ ಮದುವೆಯಾದ ಮಗನನ್ನು ಹೊರಗೆ ಹಾಕಿ, ವಾಡೆಯ ಬಾಗಿಲಿಗೆ ಅಡ್ಡಲಾಗಿ ಮರದ ಅಗಳಿ ಹಾಕಿ, ಅವನಿಗಾಗಿ ಇದನ್ನು ಎಂದೂ ತೆಗೆಯುವುದಿಲ್ಲ ಎಂದು ಆಣೆ ಮಾಡುತ್ತಾನೆ. ಹನ್ನೆರಡು ವರ್ಷಗಳಾದ ಮೇಲೆ ಒಂದು ಸಂಜೆ ಬಾಗಿಲು ಬಡಿದ ಸಪ್ಪಳ. ಗೌಡ ಬಾಗಿಲಿಗೆ ಬಂದು “ಯಾರದು ಹೊರಗೆ?” ಎಂದು ಕೇಳುತ್ತಾನೆ. ಉತ್ತರ ಬರುವುದಿಲ್ಲ. ಅಲ್ಲಿಂದ ಮೂರು ಪುಟಗಳ ಸ್ವಗತ. ತೆರೆಯಲೇ, ಬೇಡವೇ, ಮಗ ದೊಡ್ಡವನೋ, ಆಣೆ ದೊಡ್ಡದೋ. ಒಂದು ಹಾಡು. ಹಾಡು ಮುಗಿದ ಮೇಲೆ ಗೌಡ ಅಗಳಿ ತೆಗೆಯುತ್ತಾನೆ. ಹೊರಗೆ ಯಾರೂ ಇರುವುದಿಲ್ಲ. ಕಾದು ಕಾದು ಮಗ ಹೋಗಿರುತ್ತಾನೆ. ತೆರೆ ಬೀಳುತ್ತದೆ.

ಆ ಮೂರು ಪುಟಗಳನ್ನು ಜಟ್ಟೆಪ್ಪ ಕಾಕಾ ಹೇಳುವಾಗ ರಾಮದುರ್ಗದಲ್ಲಿ ನೇಕಾರರು ಎದ್ದು ನಿಂತು ಕೇಳುತ್ತಿದ್ದರಂತೆ. ಕಿತ್ತೂರಿನಲ್ಲಿ ಒಬ್ಬ ಮುದುಕಿ ಎದ್ದು, “ತೆಗಿಯೋ ಹಾಟ್ಯಾ, ಹುಡುಗ ನಿಂತಾನ ಹೊರಗ” ಎಂದು ಗದರಿದಳಂತೆ. ಕಾಕಾ ಹುಬ್ಬು ಏರಿಸಿದರೆ ಕಟ್ಟಕಡೆಯ ಸಾಲಿನವನ ಬಾಯಿಯ ಬೀಡಿ ಆರಬೇಕು, ಅದು ಅವರ ಲೆಕ್ಕಾಚಾರ. ರಂಗಭೂಮಿಯ ಮೊದಲ ಧರ್ಮವೇ ಅದಲ್ಲವೇ? ಕೊನೆಯ ಸಾಲು. ನಟನ ಕಣ್ಣೀರು ಕೂಡ ನಲವತ್ತು ಮಾರು ದೂರ ನಡೆದುಹೋಗಿ ಅಲ್ಲಿ ಕುಳಿತವನ ಎದೆ ತಟ್ಟಬೇಕು.

ಇಂಥ ಕಾಕಾ ತಮ್ಮ ಮಾತುಗಳನ್ನು ಎಲ್ಲಿ ಇಟ್ಟಿದ್ದರು? ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ವೇದಿಕೆಯ ಎಡಗಡೆಯ ವಿಂಗಿನಲ್ಲಿ, ಅಂದರೆ ಪಕ್ಕದ ಪರದೆಯ ಮರೆಯಲ್ಲಿ, ಕೆಂಪು ಬಟ್ಟೆಯ ರಟ್ಟು ಹಾಕಿದ ಪುಸ್ತಕ ಹಿಡಿದು ನಿಂತಿರುತ್ತಿದ್ದವರು ನನ್ನ ತಂದೆ. ನಾಟಕ ಕಂಪನಿಯ ಪ್ರಾಂಪ್ಟರ್. ಪ್ರತಿಯೊಂದು ಮಾತನ್ನೂ ನಟನಿಗಿಂತ ಒಂದು ಉಸಿರು ಮೊದಲು, ಪ್ರೇಕ್ಷಕರಿಗೆ ಕೇಳಿಸದಂತೆ, ನಟನಿಗೆ ತಪ್ಪದಂತೆ ಹೇಳುವುದು ಅವರ ಕೆಲಸ. ಕಾಕಾ ಹೇಳುತ್ತಿದ್ದರು: “ನನ್ನ ತಲ್ಯಾಗ ಜಾಗಾ ಸಣ್ಣದೈತಿ. ಪಾರ್ಟೆಲ್ಲಾ ನಿಜಗುಣನ ಬಾಯಾಗ ಇಟ್ಟೇನಿ.” ಅಪ್ಪ ನಗುತ್ತ, “ಬಾಡಗಿ ಕೊಡಾಂವ ಅಲ್ಲ, ಬಿಡಾಂವ ಅಲ್ಲ” ಎನ್ನುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಇಪ್ಪತ್ತೆರಡು ವರ್ಷ ಹೇಳಿದ ಮಾತು ಕಾಕಾರಿಗೆ ಬಾಯಿಪಾಠ ಇರಲಿಲ್ಲವೇ? ಇತ್ತು. ಈ ಸಭೆಯಲ್ಲಿ ಅರ್ಧ ಜನಕ್ಕೆ ಇದೆ. ಆದರೆ ಎಡೆ ಬಡಿಸುವ ಮೊದಲು ಕೈ ಹಾಕದ ಮನೆತನದವರಂತೆ, ಎಡಗಡೆಯಿಂದ ಬರುವ ಮೊದಲು ಅವರು ಒಂದು ಮಾತನ್ನೂ ಆಡಿದವರಲ್ಲ. ಅದು ಮರೆವಲ್ಲ, ಪದ್ಧತಿ. ಗೆಳೆಯನ ಬಾಯಿಂದ ಬಂದದ್ದನ್ನೇ ಲೋಕಕ್ಕೆ ಕೊಡುವುದು. ಮಾತಿಗೆ ಮುನ್ನ ಅವರ ಕತ್ತು ಎಡಕ್ಕೆ ಕೂದಲೆಳೆಯಷ್ಟು ವಾಲುತ್ತಿತ್ತು. ಪ್ರೇಕ್ಷಕರು ಅದನ್ನು ಗಾಂಭೀರ್ಯವೆಂದು ತಿಳಿದಿದ್ದರು.

ನಾನು ಬೆಳೆದದ್ದು ಅದೇ ವಿಂಗಿನಲ್ಲಿ, ಅಪ್ಪನ ಕಾಲ ಬಳಿ. ಆದ್ದರಿಂದ ನಾನು ಜಟ್ಟೆಪ್ಪ ಕಾಕಾರ ಅಭಿನಯವನ್ನು ನೂರಾರು ಸಲ ನೋಡಿದ್ದರೂ ನೋಡಿದ್ದು ಅವರ ಎಡಗಿವಿಯನ್ನು ಮಾತ್ರ. ಎಡಗಿವಿ, ಎಡಗೆನ್ನೆ, ಬಣ್ಣ ಮುಗಿಯುವ ಗೆರೆ. ಮುಖ ಪ್ರೇಕ್ಷಕರ ಪಾಲು, ಕಿವಿ ನಮ್ಮ ಪಾಲು.

ಈಗ ಚಲನಚಿತ್ರದ ಮಾತು. ಎಪ್ಪತ್ತನಾಲ್ಕನೆಯ ಇಸವಿಯಲ್ಲಿ, ಪುಣೆಯಲ್ಲಿ ಸಿನೆಮಾ ಕಲಿತು ಬಂದ ಇಮಾಮಸಾಹೇಬರು ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕುಳಿತು ಕೇಳಿದರು. “ಚಾಚಾ, ನಾಟಕಾ ನಿಮ್ಮ ಪುಸ್ತಕದಾಗಷ್ಟ ಐತಂತ. ನನಗೊಂದು ನಕಲು ಬೇಕ್ರಿ.” ಅಪ್ಪನ ಅಕ್ಷರವನ್ನು ಅಪ್ಪನನ್ನೂ ನನ್ನನ್ನೂ ಬಿಟ್ಟರೆ ಓದುವವರಿಲ್ಲ. ಹಾಗಾಗಿ ನಕಲು ನಾನು ಬರೆದೆ. ಹದಿನೇಳು ವರ್ಷ ನನಗೆ; ಆ ವರ್ಷವೂ ವರ್ಗಕ್ಕೆ ಮೊದಲಿಗಳು. ತೊಂಬತ್ತಾರು ಪುಟಗಳನ್ನು ಒಂದೂ ಚಿತ್ತುಕಾಟು ಇಲ್ಲದೆ ಬರೆದೆ. ಇಮಾಮಸಾಹೇಬರು ನೋಡಿ, “ಏ, ಇದು ಅಚ್ಚಾಗಿದ್ದಂಗ ಐತಲ್ಲ ತಂಗಿ, ನೀ ಶೂಟಿಂಗಿಗೂ ಬಾ” ಎಂದರು. ಆ ಮಾತಿನಿಂದ ನನ್ನ ಕಾಲು ನೆಲ ಬಿಟ್ಟಿತು. ಅದು ಇಂದಿಗೂ ಪೂರ್ತಿ ನೆಲಕ್ಕೆ ಬಂದಿಲ್ಲ ಎಂದು ನನ್ನ ತಾಯಿ ಕೆಂಪವ್ವ ಹೇಳುತ್ತಾಳೆ.

ಶೂಟಿಂಗು ನಡೆದದ್ದು ಮನೋಳಿಯ ಒಂದು ಹಳೆಯ ವಾಡೆಯಲ್ಲಿ. ಅಲ್ಲಿ ನಾನು ಏನೇನು ಕಂಡೆ ಎಂದು ಹೇಳಲು ಹೊರಟರೆ ಇಂದಿಗೂ ನನ್ನ ಮೈ ಜುಂ ಎನ್ನುತ್ತದೆ. ರಂಗದ ಮೇಲೆ ನಟನು ತನ್ನ ಮುಖವನ್ನು ಪ್ರೇಕ್ಷಕನ ಬಳಿಗೆ ಕಳಿಸಬೇಕು. ಇಲ್ಲಿ ಕ್ಯಾಮೆರಾ ತಾನೇ ನಡೆದುಬಂದು ಮುಖವನ್ನು ತೆಗೆದುಕೊಂಡು ಹೋಗುತ್ತದೆ. ರಂಗದ ಮೇಲೆ ಬೆಳಕು ಎಲ್ಲರ ಮೇಲೂ ಬೀಳುವ ಮಳೆ. ಇಲ್ಲಿ ಬಾಗಿಲ ಸಂದಿಯಿಂದ ಬಂದ ಒಂದೇ ಒಂದು ಗೆರೆ ಬೆಳಕನ್ನು ಹಿಡಿಯಲು ನಾಲ್ಕು ಜನ ಪ್ರತಿದಿನ ಸಂಜೆಯ ನಾಲ್ಕು ಗಂಟೆಗಾಗಿ ಕಾಯುತ್ತಿದ್ದರು. ಹದಿನೈದು ನಿಮಿಷ ಮಾತ್ರ ಆ ಗೆರೆ ಗೌಡನ ಕಣ್ಣಿನ ಮೇಲೆ ಇರುತ್ತಿತ್ತು, ಆಮೇಲೆ ಗೋಡೆಗೆ ಹೋಗುತ್ತಿತ್ತು. ಸೂರ್ಯನನ್ನು ಕೂಡ ಪಾತ್ರಧಾರಿಯನ್ನಾಗಿ ಮಾಡಿಕೊಂಡ ಕಲೆಯನ್ನು ಏನೆಂದು ಕರೆಯಬೇಕು?

ಇನ್ನೊಂದು ಸೋಜಿಗ ಕೇಳಿ. ಚಿತ್ರದಲ್ಲಿ ಬಾಗಿಲು ಬಡಿಯುವ ಕೈಯನ್ನು ನೀವೆಲ್ಲ ನೋಡಿದ್ದೀರಿ. ಗಂಟುಕಟ್ಟಿದ, ಬಿರುಕು ಬಿಟ್ಟ ಕೈ. ಅದು ಮಗನ ಪಾತ್ರ ಮಾಡಿದ ನಟನದಲ್ಲ. ಆತನ ಕೈ ಬೆಣ್ಣೆಯಂತಿತ್ತು. ಹನ್ನೆರಡು ವರ್ಷ ಕೂಲಿ ಮಾಡಿದವನ ಕೈ ಬೇಕೆಂದು ಇಮಾಮಸಾಹೇಬರು ಸಂಗೊಳ್ಳಿಗೆ ಹೋಗಿ ಕಾಡಪ್ಪ ಎಂಬ ರೈತನ ಕೈಯನ್ನು ಅಲ್ಲಿಯ ಯಾವುದೋ ಬಾಗಿಲಿನ ಮೇಲೆ ಚಿತ್ರಿಸಿಕೊಂಡು ಬಂದರು. ಸಂಗೊಳ್ಳಿಯಲ್ಲಿ ಬಡಿದ ಕೈ, ಮನೋಳಿಯಲ್ಲಿ ಆಲಿಸಿದ ಕಿವಿ. ನಡುವೆ ಎಷ್ಟು ಹರದಾರಿ, ಎಷ್ಟು ದಿನ. ಕತ್ತರಿಸಿ ಜೋಡಿಸಿದಾಗ ಒಂದೇ ಬಾಗಿಲು, ಒಂದೇ ಉಸಿರು. ನಮ್ಮ ಊರಿನ ಸಿನೆಮಾ ಟೆಂಟಿನಲ್ಲಿ ಆ ಕೈ ಕಂಡಾಗ ಇಡೀ ಜನ ಸೆರಗು ಹಿಡಿದು ಅಳುತ್ತಿದ್ದರು. ಒಂದು ದಿನದ ಆಟದಲ್ಲಿ ಕಾಡಪ್ಪ ಎದ್ದು ನಿಂತು, “ನನ್ನ ಕೈರಿ ಅದು, ಸುಮ್ನ ಅಳಬ್ಯಾಡ್ರಿ, ಆರಾಮ ಐತಿ” ಎಂದ. ಆತ ಇಂದೂ ಬಂದಿದ್ದರೆ ದಯಮಾಡಿ ಕೈ ಎತ್ತಬಾರದು.

ಇನ್ನು ನನ್ನ ವಿಷಯದ ಹೃದಯಕ್ಕೆ ಬರುತ್ತೇನೆ. ಅದು ಗೌಡನ ಮುಖ.

ಇಮಾಮಸಾಹೇಬರು ಮೂರು ಪುಟಗಳ ಸ್ವಗತವನ್ನು ಪೂರ್ತಿ ತೆಗೆದುಹಾಕಿದರು. “ಯಾರದು ಹೊರಗೆ?” ಎಂಬ ಒಂದೇ ಮಾತು ಉಳಿಸಿದರು. ನನ್ನ ತಂದೆ ಅದನ್ನು ಕೇಳಿ ಮನೆಯಲ್ಲಿ ಸತ್ತ ಸುದ್ದಿ ಬಂದವರಂತೆ ಕುಳಿತರು. “ಮೂರು ಪುಟಾ ಹೋದ್ರ ನಾಟಕದಾಗ ಏನ ಉಳಿತಪಾ ಇಮಾಮ್?” “ಮಾರಿ ಉಳಿತದ ಚಾಚಾ” ಎಂದರು ಇವರು.

ಆದರೆ ಆ ಮಾರಿ, ಆ ಮುಖ, ಸಿಗಲಿಲ್ಲ. ಮೊದಲ ಸಂಜೆ ಕಾಕಾ ಬಾಗಿಲಿಗೆ ಬಂದು ಕಿವಿಯ ಹಿಂದೆ ಕೈಯಿಟ್ಟು, ಹುಬ್ಬು ಹಣೆಗೆ ಏರಿಸಿ, ರಾಮದುರ್ಗದ ಕೊನೆಯ ಸಾಲಿಗೆ ಕೇಳುವಂತೆ ಆಲಿಸಿದರು. ಆಲಿಸುವುದು ಕೂಡ ಕೇಳಿಸುವಷ್ಟು ದೊಡ್ಡದಾಗಿತ್ತು. ಇಮಾಮಸಾಹೇಬರು, “ಕಾಕಾ, ಸಣ್ಣಂಗ ಮಾಡ್ರಿ” ಎಂದರು. “ಸಣ್ಣಂಗ ಮಾಡಾಕ ನಾ ಏನ ಸೂಜಿ ಪೋಣಸಾಕ ಹತ್ತೇನೇನೋ?” ಎಂದರು ಕಾಕಾ. ಎರಡನೆಯ ಸಂಜೆಯೂ ಹಾಗೆಯೇ ಹೋಯಿತು. ಏಳು ಸಲ ತೆಗೆದರು. ಏಳು ಸಲವೂ ಅದು ಆಲಿಸುವ ಮುಖದ ಅಭಿನಯ, ಆಲಿಸುವ ಮುಖವಲ್ಲ. ಮೂರನೆಯ ಸಂಜೆಯೇ ಕೊನೆಯದು, ಮರುದಿನ ಕ್ಯಾಮೆರಾ ಮದರಾಸಿಗೆ ವಾಪಸು ಹೋಗಬೇಕು.

ಆ ಮಧ್ಯಾಹ್ನ ಇಮಾಮಸಾಹೇಬರು ಮಲಪ್ರಭೆಯ ದಂಡೆಯ ಮೇಲೆ ಒಬ್ಬರೇ ಕುಳಿತಿದ್ದರು. ನಾನು ಹೋಗಿ ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳದೆ ಉತ್ತರ ಕೊಡುವುದು ನನಗೆ ವರ್ಗದಲ್ಲಿ ಅಭ್ಯಾಸ. ನಾನು ಹೇಳಿದ್ದು ಇಷ್ಟು. “ಅಣ್ಣಾ, ಕಾಕಾ ನಿಜವಾಗಿ ಆಲಿಸೂದನ್ನ ನಾ ದಿನಾ ನೋಡೇನಿ. ಮಾತು ಬರೂಕಿಂತ ಮೊದ್ಲ ಆಲಸತಾರ. ಅಪ್ಪ ಮಾತು ಕೊಟ್ಟಕೂಡ್ಲೆ ಅದು ಮುಗೀತದ. ಅಪ್ಪ ಇವತ್ತ ಮಾತು ಕೊಡದಿದ್ರ?”

ಅವರು ಮರಳು ಕೊಡವಿಕೊಂಡು ಎದ್ದರು. ಹೋಗಿ ಅಪ್ಪನನ್ನು ಕೇಳಿದರು. ಅಪ್ಪ ಹೇಳಿದ್ದನ್ನು ನಾನು ಮರೆಯುವಂತಿಲ್ಲ.

“ಸಿರಸಂಗಿ ಕಾಳವ್ವನ ಆಣಿ ಮಾಡಿ ಹೇಳತೇನಿ ಇಮಾಮ್. ಇಪ್ಪತ್ತೆರಡು ವರ್ಸದಾಗ ಜಟ್ಟೆಪ್ಪಗ ಒಂದ ಮಾತು ನಾ ತಡಾ ಮಾಡಿ ಕೊಟ್ಟಿಲ್ಲ. ಜ್ವರಾ ಬಂದಾಗ ಕೊಟ್ಟೇನಿ. ನಮ್ಮವ್ವ ಸತ್ತ ದಿನಾ ಕೊಟ್ಟೇನಿ. ಅಂವಾ ಕಣ್ಣ ಮುಚಗೊಂಡು ನನ್ನ ಮ್ಯಾಲ ಕಾಲಿಟ್ಟು ನಡೀತಾನ. ಹಲಗಿ ಸರಸು ಅಂತೀಯಲ್ಲೋ ತಮ್ಮಾ.”

ಇಮಾಮಸಾಹೇಬರು ತಲೆ ತಗ್ಗಿಸಿ, “ಮಾಫ್ ಮಾಡ್ರಿ ಚಾಚಾ, ಬ್ಯಾಡ” ಎಂದರು. ಅವರ ಮಟ್ಟಿಗೆ ಆ ವಿಷಯ ಅಲ್ಲಿಗೆ ಮುಗಿಯಿತು. ಇಂದು ಈ ವೇದಿಕೆಯ ಮೇಲೆ ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಅವರದು ತಪ್ಪಿಲ್ಲ. ಮುಂದೆ ನಾನು ಹೇಳುವುದು ಅವರಿಗೂ ಹೊಸ ಸುದ್ದಿ.

ನಾಲ್ಕು ಗಂಟೆಯಾಯಿತು. ಬೆಳಕಿನ ಗೆರೆ ಬಂತು. ಕಾಕಾ ಒಳಗೆ, ಬಾಗಿಲಿಗೆ ಎಡಗಿವಿ ಕೊಟ್ಟು ನಿಂತರು. ಅಪ್ಪನಿಗೆ ನಿಲ್ಲಲು ಬೇರೆ ಮರೆ ಇರಲಿಲ್ಲ. ಅವರು ಬಾಗಿಲ ಹೊರಗೇ, ಮಗ ನಿಲ್ಲಬೇಕಾದ ಜಾಗದಲ್ಲಿ, ಸಂದಿಯನ್ನು ಬಿಟ್ಟು ಪಕ್ಕಕ್ಕೆ ನಿಂತಿದ್ದರು. ಹಳೆಯ ಬಾಗಿಲು, ಗಾಳಿಗೆ ಅಲುಗುತ್ತಿತ್ತು. ಅಲುಗದಂತೆ ಒಂದು ಕೈಯಿಂದ ಒತ್ತಿ ಹಿಡಿಯಬೇಕೆಂದು ಕ್ಯಾಮೆರಾದವರು ಅಪ್ಪನಿಗೆ ಹೇಳಿದ್ದರು. ಒಂದು ಕೈ ಬಾಗಿಲ ಮೇಲೆ, ಒಂದು ಕೈಯಲ್ಲಿ ಕೆಂಪು ರಟ್ಟಿನ ಪುಸ್ತಕ. ಪುಟ ಹಿಡಿಯಲು ಪಕ್ಕದಲ್ಲಿ ನಾನು.

ಒಳಗೆ ಕ್ಯಾಮೆರಾ ತಿರುಗುವ ಸಪ್ಪಳ ಶುರುವಾಯಿತು. ಅಪ್ಪ ಉಸಿರು ಎಳೆದುಕೊಂಡರು. ಆ ಉಸಿರು ನನಗೆ ಹುಟ್ಟಿನಿಂದ ಗೊತ್ತು. ಅದರ ಮರುಕ್ಷಣ ಮಾತು ಬರುತ್ತದೆ.

ಸಭಿಕರೇ, ನಾನು ನನ್ನ ಬಲಗೈಯನ್ನು ಎತ್ತಿ ನನ್ನ ತಂದೆಯ ಬಾಯಿಯ ಮೇಲೆ ಇಟ್ಟೆ.

ಮೆಲ್ಲಗೆ ಅಲ್ಲ. ಒತ್ತಿ ಇಟ್ಟೆ. ಅಪ್ಪ ಬಾಗಿಲ ಮೇಲಿನ ಕೈ ತೆಗೆದರೆ ಬಾಗಿಲು ಅಲುಗುತ್ತದೆ, ಗೆಳೆಯನ ಕೊನೆಯ ಅವಕಾಶ ಹಾಳಾಗುತ್ತದೆ. ಪುಸ್ತಕ ಬಿಟ್ಟರೆ ಸಪ್ಪಳವಾಗುತ್ತದೆ. ಇದನ್ನು ನಾನು ಯೋಚಿಸಿಯೇ ಇಟ್ಟೆ. ನಾನು ಜಾಣೆ ಎಂದು ಮೊದಲೇ ಹೇಳಿದೆನಲ್ಲ. ಅಪ್ಪ ಕಣ್ಣು ಹೊರಳಿಸಿ ನನ್ನನ್ನು ನೋಡಿದರು. ನನ್ನ ಅಂಗೈಯ ಕೆಳಗೆ ಅವರ ತುಟಿ ಅಲುಗಿತು. ಯಾರದು ಹೊರಗೆ. ಮತ್ತೆ ಅಲುಗಿತು. ಯಾರದು ಹೊರಗೆ. ಮೂರನೆಯ ಸಲವೂ. ಅವರು ಮಾತು ಕೊಡುತ್ತಲೇ ಇದ್ದರು. ಬಿಸಿಯಾಗಿ, ಒದ್ದೆಯಾಗಿ ಅದು ನನ್ನ ಅಂಗೈಗೆ ಬಂದು ಅಲ್ಲಿಯೇ ನಿಂತಿತು.

ಒಳಗೆ ಏನಾಯಿತು ಎಂಬುದು ನನಗೆ ಆಗ ಕಾಣಲಿಲ್ಲ. ನಲವತ್ತು ಎಣಿಸುವಷ್ಟು ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅಗಳಿ ಸರಿದ ಸಪ್ಪಳ. ಬಾಗಿಲು ತೆರೆಯಿತು. ಅಷ್ಟರಲ್ಲಿ ನನ್ನ ಕೈ ಕೆಳಗೆ ಇಳಿದಿತ್ತು. ಕಾಕಾ ಎದುರಿಗೆ ನಿಂತು, ಬಹಳ ಸಣ್ಣ ಧ್ವನಿಯಲ್ಲಿ ಕೇಳಿದರು.

“ಮಾತು ಎಲ್ಲೋ ನಿಜಗುಣಾ?”

ಅಪ್ಪ ನನ್ನನ್ನು ಒಂದು ಸಲ ನೋಡಿದರು. “ಮರತೆ” ಎಂದರು.

“ನೀ ಮರಿಯಾವ ಅಲ್ಲ. ಈ ಇಮಾಮನ ಕೂಡ ಸೇರಿ ನನ್ನ ಮಾರಿ ಬತ್ತಲೆ ಮಾಡೀದಿ.”

ಅಷ್ಟೇ. ಹಿಂದಿನಿಂದ ಇಮಾಮಸಾಹೇಬರು ಓಡಿಬಂದು ಕಾಕಾರನ್ನು ಅಪ್ಪಿಕೊಂಡು ಅಳುತ್ತಿದ್ದರು. ಕಾಕಾ ಅವರನ್ನು ಬಿಡಿಸಿಕೊಂಡು, ಮುಖದ ಬಣ್ಣ ಒರೆಸದೆ, ನಡೆದು ಹೋಗಿ ಬಸ್ಸಿನ ದಾರಿ ಹಿಡಿದರು. ಎಂಟು ದಿನ ಬಿಟ್ಟು ಸವದತ್ತಿಯಲ್ಲಿ ನಾಟಕದ ಕ್ಯಾಂಪು. ಬಣ್ಣ ಹಚ್ಚಿಕೊಂಡು ವಿಂಗಿನವರೆಗೆ ಬಂದರು, ಎಡಗಡೆ ನೋಡಿದರು. ಅಪ್ಪ ಪುಸ್ತಕ ಹಿಡಿದು ನಿಂತಿದ್ದರು. ಕಾಕಾ ತಮ್ಮ ಪೇಟವನ್ನು ತೆಗೆದು ಪೆಟ್ಟಿಗೆಯ ಮೇಲಿಟ್ಟು, “ಬಿದ್ರ ಹಿಡಿಯಾವ ಇಲ್ಲ” ಎಂದರು. ಅಂದಿನಿಂದ ಇಂದಿನವರೆಗೆ ಅವರು ರಂಗವೇರಿಲ್ಲ. ಗಂಟಲು ಹೋಗಿಲ್ಲ, ಸಭಿಕರೇ. ಹಲಗೆ ಹೋಗಿದೆ.

ಎರಡು ವರ್ಷಗಳಾದ ಮೇಲೆ ಚಿತ್ರ ಬಂತು. ಅವ್ವನ ಪಕ್ಕದಲ್ಲಿ ಕುಳಿತು ನೋಡಿದೆ. ಕಾಡಪ್ಪನ ಕೈ ಬಾಗಿಲು ಬಡಿಯಿತು. ಆಮೇಲೆ ಗೋಡೆಯಷ್ಟು ದೊಡ್ಡದಾಗಿ ಜಟ್ಟೆಪ್ಪ ಕಾಕಾರ ಮುಖ. ಹುಟ್ಟಿದಾಗಿನಿಂದ ರಂಗದ ಮೇಲೆ ಅವರ ಕಿವಿಯನ್ನಷ್ಟೇ ಕಂಡವಳಿಗೆ ಮೊದಲ ಸಲ ಮುಖ. ಕತ್ತು ಎಡಕ್ಕೆ ಕೂದಲೆಳೆಯಷ್ಟು ವಾಲಿತು. ಒಂದು ಕಣ್ಣಿನ ಮೇಲೆ ಬೆಳಕಿನ ಗೆರೆ. ಹಿನ್ನೆಲೆಯಲ್ಲಿ ಸಂಗೀತವಿಲ್ಲ, ಎಲ್ಲೋ ಪಕ್ಕದ ಮನೆಯಲ್ಲಿ ತೊಟ್ಟಿಲ ಹಗ್ಗ ಕಿರುಗುಟ್ಟುವ ಸದ್ದು ಮಾತ್ರ. ಇಮಾಮಸಾಹೇಬರೇ, ಆ ಸದ್ದನ್ನು ಅಲ್ಲಿ ಇಡಬೇಕೆಂದು ನಿಮಗೆ ಯಾವ ದೇವರು ಹೇಳಿದನೋ ನಾನು ಅರಿಯೆ. ಆ ಮುಖ ಕಾಯುತ್ತಿದೆ. ಬರುತ್ತದೆ ಎಂಬ ನಂಬಿಕೆ ಮೊದಲು. ತಡವಾಯಿತೇಕೆ ಎಂಬ ಬೆರಗು ಆಮೇಲೆ. ತುಟಿ ತೆರೆದು ಮುಚ್ಚಿತು. ಕೊನೆಗೆ, ಇಲ್ಲ, ಬರುವುದಿಲ್ಲ, ನಾನು ಒಬ್ಬನೇ ಎಂಬ ತಿಳಿವು ಆ ಕಣ್ಣಿನಲ್ಲಿ ಮೆಲ್ಲಗೆ, ಬಾವಿಯಲ್ಲಿ ನೀರು ಏರಿದಂತೆ ಏರಿತು. ಮೂರು ಪುಟಗಳ ಮಾತು ಹೇಳಲಾರದ್ದನ್ನು ಬಾರದ ಒಂದು ಮಾತು ಹೇಳಿತು. ಇಡೀ ಟೆಂಟಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕಲೆಯ ಎದುರಿಗೆ ಮನುಷ್ಯ ಎಷ್ಟು ಸಣ್ಣವನಾಗಬಹುದು ಎಂದು ನನಗೆ ಅಂದು ತಿಳಿಯಿತು.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಅವ್ವನ ಕಿವಿಯಲ್ಲಿ, “ಇದು ನನ್ನ ಯುಕ್ತಿ” ಎಂದೆ. ಅದುವರೆಗೂ ಯಾರಿಗೂ ಹೇಳದ್ದನ್ನು ಹೆಮ್ಮೆಯಿಂದ ಹೇಳಿದೆ. ಅವ್ವ ಪರದೆಯಿಂದ ಕಣ್ಣು ತೆಗೆಯದೆ, “ಗುರವ್ವಾ, ಅದು ಯುಕ್ತಿ ಅಲ್ಲವಾ. ಅದು ಜಟ್ಟೆಪ್ಪನ ಜೀಂವಾ” ಎಂದಳು.

ಹೌದು. ತಂತ್ರವೆಂದು ನಾನು ಇಷ್ಟು ಹೊತ್ತು ಹೊಗಳಿದ್ದು ಬಾಗಿಲ ಒಳಗಿನ ಮಾತು. ಬಾಗಿಲ ಹೊರಗೆ ಮೂರು ಜನರ ನಡುವೆ ಏನು ಮುರಿಯಿತು ಎಂಬುದನ್ನು ಕ್ಯಾಮೆರಾ ಕಾಣಲಿಲ್ಲ.

ಅಂದೇ ಮನೆಗೆ ಬಂದು, ಕಾಕಾರಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಬೇಡವೆಂದರು. “ಆತನ ಕೂಡ ನನ್ನ ದೋಸ್ತಿ ಹೋತು, ಹೋಗಲಿ. ನಾವು ಮುದುಕರು. ನಿನ್ನ ಕಾಲೇಜಿಗೆ ಕಳಸಂತ ನಮ್ಮ ಮನ್ಯಾಗ ಮೂರು ದಿನಾ ಉಪಾಸ ಕುಂತಾಂವ ಅಂವಾ. ನಿನ್ನ ಮ್ಯಾಲಿನ ಮಾಯಾ ಹೋದ್ರ ಅವಂಗ ಏನೂ ಉಳೂದಿಲ್ಲ.” ಅದು ನಿಜ. ಹೆಣ್ಣು ಹುಡುಗಿಗೆ ಇಷ್ಟು ಸಾಕು ಎಂದ ಅಪ್ಪನ ಎದುರಿಗೆ ನಮ್ಮ ಜಗುಲಿಯ ಮೇಲೆ ಉಪವಾಸ ಕುಳಿತು ನನ್ನನ್ನು ಕಾಲೇಜಿಗೆ ಕಳಿಸಿದವರು ಜಟ್ಟೆಪ್ಪ ಕಾಕಾ. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಆ ‘ಪ್ರಥಮ’ ಅವರದು. ಅಂಥವರ ಬಾಯಿಂದ ಮಾತು ಕಸಿದ ಕೈ ನನ್ನದು.

ಕಾಕಾ, ನಿಮ್ಮ ಕ್ಷಮೆ ಕೇಳುತ್ತೇನೆ. ಆದರೆ ಆ ದೃಶ್ಯ ಇರಬಾರದಿತ್ತು ಎಂದು ಮಾತ್ರ ಹೇಳಲಾರೆ. ಹೇಳಿದರೆ ಸುಳ್ಳಾಗುತ್ತದೆ. ನಾವೆಲ್ಲ ಸತ್ತ ಮೇಲೂ ಆ ಮುಖ ಬಾಗಿಲ ಬಳಿ ಕಾಯುತ್ತಿರುತ್ತದೆ, ಜನ ಉಸಿರು ಹಿಡಿದು ನೋಡುತ್ತಿರುತ್ತಾರೆ. ನನ್ನ ತಪ್ಪೂ ದೊಡ್ಡದು, ಅದರಿಂದ ಹುಟ್ಟಿದ್ದೂ ದೊಡ್ಡದು. ಇವೆರಡನ್ನೂ ಹೇಗೆ ಒಟ್ಟಿಗೆ ಹಿಡಿಯಬೇಕೆಂದು ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಸಿಗಲಿಲ್ಲ. ನಿಮ್ಮ ಸಿಟ್ಟು ನನ್ನ ಮೇಲೆ ಮಾಡಿರಿ. ನನ್ನ ತಂದೆ ಆ ದಿನ ನಿಮಗೆ ಮಾತು ತಪ್ಪಿಸಲಿಲ್ಲ. ಒಂದಲ್ಲ, ಮೂರು ಸಲ ಕೊಟ್ಟರು. ಅದು ನನ್ನ ಅಂಗೈಯಲ್ಲಿ ಉಳಿಯಿತು. ಮೂರು ವರ್ಷಗಳಿಂದ ಉಳಿದಿದೆ.

ನನ್ನ ವಿಷಯ ಮುಗಿಯಿತು. ಒಂದು ಸೂಚನೆ ಮಾತ್ರ ಬಾಕಿ. ಇಂದು ಮಧ್ಯಾಹ್ನ ಅಪ್ಪನನ್ನು ಈ ಸಮಾರಂಭಕ್ಕೆ ಕರೆದಾಗ ಅವರು ಬರುವುದಿಲ್ಲವೆಂದರು. ಬಹಳ ಬೇಡಿಕೊಂಡ ಮೇಲೆ, “ಕುರ್ಚಿ ಮ್ಯಾಲ ಕುಂತು ಜಟ್ಟೆಪ್ಪನ್ನ ನೋಡಾಕ ನನಗ ಗೊತ್ತಿಲ್ಲವಾ. ವಿಂಗಿನ್ಯಾಗ ನಿಲ್ಲತೇನಿ, ಆತಗ ಹೇ‍ಳಬ್ಯಾಡ” ಎಂದರು. ನಾನು ಇಂದು ಏನು ಹೇಳಲಿದ್ದೇನೆಂದು ಅವರಿಗೂ ತಿಳಿಸಿರಲಿಲ್ಲ. ಇಂದೂ ಅವರ ಮಾತು ಮೀರಿದೆ. ಹಿಂದಿನ ಬಾಗಿಲಿನಿಂದ ಕರೆದುತಂದೆ. ಈ ವೇದಿಕೆಯ ಎಡಗಡೆಯ ಪರದೆಯ ಹಿಂದೆ ನಿಂತಿದ್ದಾರೆ. ಕೈಯಲ್ಲಿ ಕೆಂಪು ರಟ್ಟಿನ ಪುಸ್ತಕವಿದೆ. ಏಕೆ ತಂದಿರಿ ಎಂದು ನಾನು ಕೇಳಲಿಲ್ಲ.

ಕಾಕಾ, ಸಿನೆಮಾ ತೆಗೆದುಹಾಕಿದ ಆ ಮೂರು ಪುಟಗಳನ್ನು ಈ ಊರು ಮೂರು ವರ್ಷಗಳಿಂದ ಕೇಳಿಲ್ಲ. ಅದನ್ನೇ ಸನ್ಮಾನಕ್ಕೆ ಉತ್ತರವೆಂದು ನಾವೆಲ್ಲ ತಿಳಿಯುತ್ತೇವೆ. ನೀವು ಎದ್ದು ಮನೆಗೆ ಹೋಗುವುದಾದರೂ ಬಲಗಡೆಯಿಂದ ಹೋಗಬೇಡಿ. ಆ ಬಾಗಿಲಿಗೆ ಬೀಗ ಹಾಕಿಸಿದ್ದೇನೆ. ಎಡಗಡೆಯಿಂದಲೇ ಹೋಗಬೇಕು. ಹೋಗುವಾಗ ಒಂದು ಕ್ಷಣ ಈ ಧ್ವನಿವರ್ಧಕದ ಮುಂದೆ ನಿಂತು, ಕತ್ತನ್ನು ಎಡಕ್ಕೆ ಕೂದಲೆಳೆಯಷ್ಟು ವಾಲಿಸಿರಿ. ಮಾತು ಬರುತ್ತದೆ. ನನ್ನ ಎರಡೂ ಕೈಗಳು ಇಲ್ಲಿಯೇ, ನಿಮ್ಮೆಲ್ಲರ ಕಣ್ಣಿನ ಮುಂದೆ, ಜೋಡಿಸಿಕೊಂಡು ಇವೆ.

ನಾಟಕದಲ್ಲಿ ಗೌಡ ಅಗಳಿ ತೆಗೆಯುವಷ್ಟರಲ್ಲಿ ಹೊರಗಿನವನು ಹೋಗಿರುತ್ತಾನೆ. ಇಂದು ಇನ್ನೂ ನಿಂತಿದ್ದಾನೆ.

ಇಷ್ಟು ಹೊತ್ತು ಗಂಟೆ ಬಾರಿಸದ ಗುರುಗಳಿಗೂ, ಕೈ ಎತ್ತದ ಕಾಡಪ್ಪನಿಗೂ, ಉಸಿರು ಹಿಡಿದು ಕುಳಿತ ನಿಮಗೂ ನಾನು ಋಣಿ. ಇನ್ನು ಈ ಜಾಗ ನನ್ನದಲ್ಲ. ನಮಸ್ಕಾರ.